ಎಂ.ಎ. ಪ್ರಬಂಧದ ಪೀಠಿಕೆ ಮೂರು ಸಲ ವಾಪಸ್ ಬಂತು. ಯಾರಾದರೂ ಓದಿ ಹೇಳ್ತೀರಾ?

ಡೊಂಬಿವಲಿ ಲೋಕಲ್
ಮಂಗಳವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ನಾನು ಹಗಲು ಆಫೀಸಿಗೆ ಹೋಗಿ, ಸಂಜೆ ಕನ್ನಡ ಎಂ.ಎ. ಓದುತ್ತಿದ್ದೇನೆ. ಇದು ಕೊನೆಯ ಸೆಮಿಸ್ಟರ್. ಅರವತ್ತು ಪುಟದ ಕಿರುಪ್ರಬಂಧ ಕೊಡಬೇಕು. ವಿಷಯ, ಮುಂಬೈಯ ಕನ್ನಡ ರಾತ್ರಿ ಶಾಲೆಗಳು.

ವಿಷಯ ಯಾರೋ ಕೊಟ್ಟದ್ದಲ್ಲ, ನಾನೇ ಆರಿಸಿಕೊಂಡದ್ದು. ಅಪ್ಪ ಹದಿಮೂರನೇ ವಯಸ್ಸಿಗೆ ಕುಂದಾಪುರದ ಹತ್ತಿರದ ಹಳ್ಳಿಯಿಂದ ಬಂದವರು. ಫೋರ್ಟ್‌ನ ಒಂದು ಕ್ಯಾಂಟೀನಿನಲ್ಲಿ ಹಗಲೆಲ್ಲ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದವರು. ಅವರ ಜೊತೆಯವರನ್ನು ಹುಡುಕಿ ಹನ್ನೊಂದು ಜನರನ್ನು ಮಾತಾಡಿಸಿದ್ದೇನೆ. ಮೂರು ಅಧ್ಯಾಯ ಬರೆದಾಗಿದೆ. ಅಲ್ಲೆಲ್ಲೂ ಕೈ ತಡೆಯಲಿಲ್ಲ.

ಪೀಠಿಕೆಯಲ್ಲಿ ಮಾತ್ರ ಸಿಕ್ಕಿಹಾಕಿಕೊಂಡಿದ್ದೇನೆ. ಮೂರು ಸಲ ಕೊಟ್ಟೆ, ಮೂರು ಸಲವೂ ವಾಪಸ್ ಬಂತು. ಈ ಸಲ ಮಾರ್ಗದರ್ಶಕರು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದದ್ದು ಇಷ್ಟೇ: "ಇದನ್ನು ಯಾರು ಬೇಕಾದರೂ ಬರೆಯಬಹುದು. ನೀವು ಎಲ್ಲಿದ್ದೀರಿ?"

ಮೊದಲ ಪ್ಯಾರಾ ಹೀಗಿದೆ:

"ಅನಾದಿ ಕಾಲದಿಂದಲೂ ಮಾನವನ ಬದುಕಿನಲ್ಲಿ ಶಿಕ್ಷಣಕ್ಕೆ ಮಹತ್ವದ ಸ್ಥಾನವಿದೆ. ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ್ದ ಕನ್ನಡ ನಾಡಿನ ಜನರು ಮುಂಬೈಗೂ ವಲಸೆ ಬಂದರು. ಮುಂಬೈ ಭಾರತದ ಆರ್ಥಿಕ ರಾಜಧಾನಿಯಾಗಿದೆ. ಅಂದು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಧಾರವಾಡ ಮೊದಲಾದ ಜಿಲ್ಲೆಗಳಿಂದ ಅನೇಕರು ಹೊಟ್ಟೆಪಾಡಿಗಾಗಿ ಬಂದು ನೆಲೆಸಿದರು. ಇವರ ವಿದ್ಯಾಭ್ಯಾಸಕ್ಕೆ ರಾತ್ರಿ ಶಾಲೆಗಳು ಅಪಾರ ಕೊಡುಗೆ ನೀಡಿವೆ. ಪ್ರಸ್ತುತ ಪ್ರಬಂಧದಲ್ಲಿ ಇವುಗಳ ಸಮಗ್ರ ಅಧ್ಯಯನವನ್ನು ಮಾಡಲಾಗಿದೆ."

ನನಗೆ ಇದರಲ್ಲಿ ತಪ್ಪು ಕಾಣುತ್ತಿಲ್ಲ. ಆದರೆ ಮಾರ್ಗದರ್ಶಕರು ಹೇಳಿದ್ದೂ ಸರಿ ಅನ್ನಿಸುತ್ತಿದೆ. ಏನು ಮಾಡಲಿ?

ಕಲ್ಯಾಣ್ ಪೂರ್ವ
ಮಂಗಳವಾರ, ರಾತ್ರಿ 11:48

ಅಕ್ಕಾ, ಮೊದಲು "ಸಮಗ್ರ ಅಧ್ಯಯನ" ತೆಗೆಯಿರಿ. ಅರವತ್ತು ಪುಟದಲ್ಲಿ ಸಮಗ್ರ ಆಗಲ್ಲ. ಹೋದ ವರ್ಷ ನಾನೂ ಹಾಗೆ ಬರೆದಿದ್ದೆ. ಮೌಖಿಕ ಪರೀಕ್ಷೆಯಲ್ಲಿ ಅದೊಂದು ಪದ ಹಿಡಿದು ಕಾಲು ಗಂಟೆ ಕೇಳಿದರು. ಉಳಿದದ್ದನ್ನು ತಿಳಿದವರು ಹೇಳಲಿ.

ಮಾಟುಂಗಾ ಮೇಷ್ಟ್ರು
ಬುಧವಾರ, ಬೆಳಿಗ್ಗೆ 6:35

ತಂಗೀ, ಮೂವತ್ತೆರಡು ವರ್ಷ ಕನ್ನಡ ಕಲಿಸಿ ನಿವೃತ್ತನಾದವನು ನಾನು. ನಿಮ್ಮ ಪ್ಯಾರಾದಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಆರು ವಾಕ್ಯದಲ್ಲಿ ಒಂದಾದರೂ ಆ ಹನ್ನೊಂದು ಜನರನ್ನು ಮಾತಾಡಿಸಿದವರು ಮಾತ್ರ ಬರೆಯಬಹುದಾದ ವಾಕ್ಯ ಇದೆಯಾ? ಹುಡುಕಿ ನೋಡಿ. ನಿಮ್ಮ ಮಾರ್ಗದರ್ಶಕರು ಕೇಳಿದ್ದು ಅದನ್ನೇ.

ಈ ಅಭ್ಯಾಸ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಶಾಲೆಯಲ್ಲಿ ನಾವೇ ಕಲಿಸಿದ್ದು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಮೂರು ತಲೆಬರಹ ಹಾಕಿಸುತ್ತೇವೆ. ಪೀಠಿಕೆ ಅಂದರೆ ವಿಷಯಕ್ಕೆ ಬರುವ ಮೊದಲು ಆಡುವ ನಾಲ್ಕು ಒಳ್ಳೆಯ ಮಾತು ಅಂತ ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ. "ಮಾನವ ಸಂಘಜೀವಿ", "ಭಾರತ ಹಳ್ಳಿಗಳ ದೇಶ", "ಇಂದಿನ ಆಧುನಿಕ ಯುಗದಲ್ಲಿ". ಹತ್ತನೇ ತರಗತಿಗೆ ಅದು ಹೇಗೋ ನಡೆಯುತ್ತದೆ. ಎಂ.ಎ.ಗೆ ಬಂದಾಗಲೂ ಅದೇ ಪೀಠಿಕೆಯನ್ನು ಹೊತ್ತುಕೊಂಡು ಬರುತ್ತೇವೆ. ಮನೆಯಲ್ಲೂ "ಪೀಠಿಕೆ ಸಾಕು, ವಿಷಯಕ್ಕೆ ಬಾ" ಅನ್ನುತ್ತೇವಲ್ವಾ? ಪೀಠಿಕೆಯೇ ಬೇರೆ, ವಿಷಯವೇ ಬೇರೆ ಅನ್ನುವ ಭಾವನೆ ಅಷ್ಟು ಆಳಕ್ಕೆ ಇಳಿದಿದೆ.

ನಿಜವಾದ ಪೀಠಿಕೆ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಒಂದು ತಾಳಮದ್ದಳೆ ಕೇಳಿ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬೈಗೆ ಬರುತ್ತಾರೆ, ನಿಮ್ಮ ಅಪ್ಪನಿಗೆ ಗೊತ್ತಿರುತ್ತದೆ. ಅಲ್ಲಿ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವರು, ಮೊದಲು ಆಡುವ ಮಾತಿಗೂ ಪೀಠಿಕೆ ಅಂತಲೇ ಹೆಸರು. ಸಂಧಾನದ ಪ್ರಸಂಗ ಅಂದುಕೊಳ್ಳಿ. ಕೌರವನ ಪಾತ್ರ ಮಾಡುವವರು ಬಾಯಿ ತೆಗೆದ ಕೂಡಲೇ ಲೋಕದ ನೀತಿ ಹೇಳುವುದಿಲ್ಲ. ನಾನು ಯಾರು, ಎಲ್ಲಿ ಕೂತಿದ್ದೇನೆ, ಇವತ್ತು ನನ್ನ ಮುಂದಿರುವ ಸಮಸ್ಯೆ ಏನು, ಅದರಲ್ಲಿ ನನ್ನ ನಿಲುವು ಏನು ಎಂದು ಹೇಳುತ್ತಾರೆ. ಆಮೇಲೆ ಕೃಷ್ಣನ ಜೊತೆ ನಡೆಯುವ ವಾದದ ಎಳೆಯೆಲ್ಲ ಆ ಪೀಠಿಕೆಯಲ್ಲೇ ಇರುತ್ತದೆ. ಒಳ್ಳೆಯ ಎದುರಾಳಿ ಆ ಎಳೆಯನ್ನು ಹಿಡಿದೇ ಪ್ರಶ್ನೆ ಹಾಕುತ್ತಾನೆ. ಪೀಠಿಕೆಯಲ್ಲಿ ಇಲ್ಲದ್ದನ್ನು ಕೊನೆಗೆ ತಂದರೆ ಸಭೆ ಒಪ್ಪುವುದಿಲ್ಲ. ಪೀಠಿಕೆಯಲ್ಲಿ ಹೇಳಿದ್ದನ್ನು ನಡುವೆ ಕೈಬಿಟ್ಟರೂ ಒಪ್ಪುವುದಿಲ್ಲ.

ಹಳೆಯ ಶಾಸ್ತ್ರಗ್ರಂಥ ಬರೆದವರು ಇದಕ್ಕೆ ಅನುಬಂಧ ಚತುಷ್ಟಯ ಅನ್ನುತ್ತಿದ್ದರು. ಹೆಸರು ದೊಡ್ಡದು, ಮಾತು ಸರಳ. ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ. ಏನು ಹೇಳುತ್ತೀಯ, ಅದರಿಂದ ಏನು ಸಿಗುತ್ತದೆ, ಯಾರು ಓದಬೇಕು, ಈ ಬರಹಕ್ಕೂ ಆ ವಿಷಯಕ್ಕೂ ಏನು ನಂಟು. ಗ್ರಂಥದ ಬಾಗಿಲಲ್ಲೇ ಈ ನಾಲ್ಕನ್ನು ಹೇಳಿಬಿಡಬೇಕು. ನಮ್ಮ ಹಳೆಗನ್ನಡ ಕಾವ್ಯಗಳಲ್ಲಿ ಶುರುವಿಗೆ ಹಿಂದಿನ ಕವಿಗಳನ್ನು ನೆನೆಯುತ್ತಾರಲ್ಲ, ಅದೂ ಸುಮ್ನೆ ಅಲ್ಲ. ನನಗಿಂತ ಮುಂಚೆ ಈ ದಾರಿಯಲ್ಲಿ ಯಾರು ನಡೆದಿದ್ದಾರೆ ಅಂತ ಹೇಳಿ, ಆಮೇಲೆ ತನ್ನ ಹೆಜ್ಜೆ ಇಡುವುದು. ಈಗ ನೀವು "ಪೂರ್ವ ಅಧ್ಯಯನಗಳ ಸಮೀಕ್ಷೆ" ಅಂತ ತಲೆಬರಹ ಹಾಕಿ ಬರೆಯುತ್ತೀರಲ್ಲ, ಅದರ ಅಜ್ಜಿ ಇದು.

ಇನ್ನೊಂದು ಮುಖ್ಯ ಮಾತು. ನಿಮ್ಮ ನಾಲ್ಕನೇ ವಾಕ್ಯದಲ್ಲಿ ತಪ್ಪಿದೆ. ದಕ್ಷಿಣ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿರಲಿಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಅದು ಮದ್ರಾಸಿನ ಕೆಳಗಿತ್ತು. ಮುಂಬೈ ಪ್ರಾಂತ್ಯದಲ್ಲಿ ಇದ್ದದ್ದು ಧಾರವಾಡ, ಬೆಳಗಾವಿ, ವಿಜಾಪುರ, ಮತ್ತೆ ಉತ್ತರ ಕನ್ನಡ. ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈಗೆ ಸೇರಿಸಿದ್ದು 1862ರಲ್ಲಿ. ನಿಮ್ಮ ಅಧ್ಯಾಯಗಳಲ್ಲಿ ಇಂಥ ತಪ್ಪು ಇರಲಾರದು, ಯಾಕೆಂದರೆ ಅದಕ್ಕೆ ನೀವು ದುಡಿದಿದ್ದೀರಿ. ಎಲ್ಲರಿಗೂ ಗೊತ್ತಿರುವ ಮಾತು ಅಂದುಕೊಂಡು ಬರೆಯುವ ಹಿನ್ನೆಲೆ ವಾಕ್ಯವನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ತಪ್ಪು ನುಸುಳುವುದು ಅಲ್ಲೇ. ಓದುವವರು ಮೊದಲ ಪುಟದಲ್ಲೇ ಅದನ್ನು ಕಂಡರೆ ಮುಂದಿನ ಐವತ್ತೊಂಬತ್ತು ಪುಟವನ್ನೂ ಅನುಮಾನದಿಂದ ಓದುತ್ತಾರೆ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕಲ್ವಾ.

ಡೊಂಬಿವಲಿ ಲೋಕಲ್
ಬುಧವಾರ, ಬೆಳಿಗ್ಗೆ 8:10

ಸರ್, ಇದನ್ನು ಗಾಡಿಯಲ್ಲಿ ನಿಂತುಕೊಂಡೇ ಎರಡು ಸಲ ಓದಿದೆ. ದಕ್ಷಿಣ ಕನ್ನಡದ ವಿಷಯ ನನಗೆ ಗೊತ್ತೇ ಇರಲಿಲ್ಲ. ಯಾವುದೋ ಸ್ಮರಣ ಸಂಚಿಕೆಯಲ್ಲಿ ಓದಿದ್ದನ್ನು ಹಾಗೇ ಬರೆದಿದ್ದೆ. ತುಂಬಾ ಉಪಕಾರವಾಯಿತು.

ಕೊತ್ರೂಡ್ ಕಟ್ಟೆ
ಬುಧವಾರ, ಮಧ್ಯಾಹ್ನ 2:15

ಮೇಷ್ಟ್ರು ಹೇಳಿದ್ದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ನಾನು ಬಾಗಲಕೋಟೆ ಕಡೆಯವನು. ಪುಣೆಯಲ್ಲಿ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಬರೆಯುವುದು ಇಂಗ್ಲಿಷಿನಲ್ಲಿ, ಯೋಚನೆ ಮಾಡುವುದು ಕನ್ನಡದಲ್ಲಿ.

ಜಾನ್ ಸ್ವೇಲ್ಸ್ ಅನ್ನುವ ಭಾಷಾ ವಿದ್ವಾಂಸರು ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. 1990ರಲ್ಲಿ ಬಂದ ಅವರ ಪುಸ್ತಕದಲ್ಲಿ ಆ ಪೀಠಿಕೆಗಳ ನಡೆಯನ್ನು ಮೂರು ಹೆಜ್ಜೆಯಾಗಿ ತೋರಿಸಿದ್ದಾರೆ. ಈಗ ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಅದನ್ನೇ ಕಲಿಸುತ್ತಾರೆ. ನಾನು ಅದನ್ನು ನಮ್ಮಪ್ಪನ ಹೊಲದ ಲೆಕ್ಕದಲ್ಲಿ ನೆನಪಿಟ್ಟುಕೊಂಡಿದ್ದೇನೆ. ಮೊದಲು ಹೊಲ ಯಾವುದು ಅಂತ ತೋರಿಸು. ಆಮೇಲೆ ಅದರಲ್ಲಿ ಯಾರೂ ಉಳದೆ ಬಿಟ್ಟ ಮೂಲೆ ತೋರಿಸು. ಕೊನೆಗೆ ಅಲ್ಲಿ ನಿನ್ನ ನೇಗಿಲು ಇಡು.

ನಮ್ಮಲ್ಲಿ ಜಾಸ್ತಿ ಜನ ಹೊಲ ತೋರಿಸುವುದರಲ್ಲೇ ಮುಗಿಸಿಬಿಡುತ್ತಾರೆ. ಊರು, ನದಿ, ಜಿಲ್ಲೆ, ದೇಶ ಎಲ್ಲ ತೋರಿಸುತ್ತಾರೆ. ಉಳದ ಮೂಲೆ ಎಲ್ಲಿ ಅಂತ ಹೇಳುವುದೇ ಇಲ್ಲ. ಆ ಎರಡನೇ ಹೆಜ್ಜೆಯೇ ಪೀಠಿಕೆಯ ಜೀವ. ಅದು "ಆದರೆ" ಅನ್ನುವ ಪದದಿಂದ ಶುರುವಾಗುತ್ತದೆ. ನಿಮ್ಮ ಪ್ಯಾರಾ ಇನ್ನೊಮ್ಮೆ ಓದಿ. ಆರು ವಾಕ್ಯದಲ್ಲಿ ಒಂದೇ ಒಂದು "ಆದರೆ" ಇಲ್ಲ.

ನನ್ನದೇ ಉದಾಹರಣೆ ಕೊಡುತ್ತೇನೆ. ನನ್ನ ವಿಷಯ ಮುಂಬೈ ಗಿರಣಿ ಕಾರ್ಮಿಕರ ಮುಷ್ಕರ. ಮೊದಲ ಸಲ ಬರೆದದ್ದು ಹೀಗಿತ್ತು: "ಮುಂಬೈಯ ಜವಳಿ ಉದ್ಯಮಕ್ಕೆ ಭವ್ಯ ಇತಿಹಾಸವಿದೆ. 1854ರಲ್ಲಿ ಇಲ್ಲಿ ಮೊದಲ ಹತ್ತಿ ಗಿರಣಿ ಕಂಪನಿ ಸ್ಥಾಪನೆಯಾಯಿತು." ಎರಡೂ ನಿಜ. ಆದರೆ ನನ್ನ ಪ್ರಬಂಧಕ್ಕೆ 1854 ಬೇಕಾಗೇ ಇರಲಿಲ್ಲ. ಮುಂದೆ ಎಲ್ಲೂ ಅದರ ಮಾತಿಲ್ಲ. ಈಗಿನ ಆರಂಭ ಹೀಗಿದೆ:

"1982ರ ಜನವರಿ 18ರಂದು ಮುಂಬೈಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಸಂಬಳ ನಿಂತಿತು. ದತ್ತಾ ಸಾಮಂತರ ನಾಯಕತ್ವ, ಮಾಲೀಕರ ಹಟ, ಸರ್ಕಾರದ ನಿಲುವು, ಇವುಗಳ ಬಗ್ಗೆ ಬರಹ ಸಾಕಷ್ಟಿದೆ. ಆದರೆ ಒಂದು ವರ್ಷಕ್ಕೂ ಜಾಸ್ತಿ ಸಂಬಳವಿಲ್ಲದೆ ಆ ಮನೆಗಳ ಒಲೆ ಹೇಗೆ ಉರಿಯಿತು? ಈ ಪ್ರಬಂಧ ಆ ಲೆಕ್ಕವನ್ನು ಮನೆಯ ಹೆಂಗಸರ ಬಾಯಿಂದ ಕೇಳುತ್ತದೆ."

ಹೊಲ, ಮೂಲೆ, ನೇಗಿಲು. ಐದಾರು ವಾಕ್ಯದಲ್ಲಿ ಮೂರೂ ಬಂದವು. ಇದು ಒಂದೇ ಸಲಕ್ಕೆ ಬರಲಿಲ್ಲ. ಪ್ರಬಂಧ ಪೂರ್ತಿ ಮುಗಿದ ಮೇಲೆ ಕೂತು ಬರೆದದ್ದು.

ಅಕ್ಕಾವ್ರೇ, ನಿಮಗೆ ಒಂದೇ ಪ್ರಶ್ನೆ. ನಿಮ್ಮ ವಿಷಯದಲ್ಲಿ ಆ "ಆದರೆ" ಯಾವುದು? ಪೀಠಿಕೆ ಬರೆಯುವ ಮೊದಲು ಅದನ್ನು ಇಲ್ಲಿ ಒಂದು ಸಾಲಿನಲ್ಲಿ ಹೇಳಿ.

ವಾಸ್ಕೋ ಕನ್ನಡ
ಬುಧವಾರ, ಸಂಜೆ 5:40

ನಾನು ಗೋವಾದಲ್ಲಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಮಕ್ಕಳ ತಂದೆ ತಾಯಿ ಗದಗ, ಬಾಗಲಕೋಟೆ, ವಿಜಯಪುರ ಕಡೆಯಿಂದ ದುಡಿಯಲು ಬಂದವರು. ಮೇಷ್ಟ್ರು ಹೇಳಿದ ಮೂರು ತಲೆಬರಹದ ಮಾತು ನನಗೆ ಚುರುಕ್ ಅಂತ ತಾಗಿತು. ಯಾಕೆಂದರೆ ನಾನೂ ಅದನ್ನೇ ಕಲಿಸುತ್ತಿದ್ದೇನೆ.

ಹೋದ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಬಗ್ಗೆ ಪ್ರಬಂಧ ಬರೆಸಿದ್ದೆ. ಬಹುತೇಕ ಎಲ್ಲರೂ "ಭಾರತವು ಪುಣ್ಯಭೂಮಿ" ಅಂತಲೋ "ಗೋವಾ ಸುಂದರ ರಾಜ್ಯ" ಅಂತಲೋ ಶುರು ಮಾಡಿದ್ದರು. ಒಬ್ಬ ಹುಡುಗ ಮಾತ್ರ ಹೀಗೆ ಬರೆದಿದ್ದ: "ನಮ್ಮ ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂತು. ಗೋವಾಕ್ಕೆ 1961ರಲ್ಲಿ ಬಂತು. ನಡುವಿನ ಹದಿನಾಲ್ಕು ವರ್ಷ ಇಲ್ಲಿಯ ಜನ ಏನು ಮಾಡುತ್ತಿದ್ದರು?"

ಅವನ ಅಕ್ಷರ ಚೆನ್ನಾಗಿಲ್ಲ. ಕಾಗುಣಿತದ ತಪ್ಪು ಬೇಕಾದಷ್ಟಿದ್ದವು. ನಾನು ತಪ್ಪಿಗೆಲ್ಲ ಕೆಂಪು ಗೆರೆ ಹಾಕಿ, "ಪೀಠಿಕೆ ಇಲ್ಲ" ಅಂತ ಬರೆದು ಅಂಕ ಕಳೆದಿದ್ದೆ. ಇವತ್ತು ನಿಮ್ಮ ಮಾತು ಓದಿದ ಮೇಲೆ ಆ ಪುಟ ಕಣ್ಣ ಮುಂದೆ ಬಂತು. ಇಡೀ ತರಗತಿಯಲ್ಲಿ ಪೀಠಿಕೆ ಬರೆದವನು ಅವನೊಬ್ಬನೇ. ನಾಳೆ ಅವನನ್ನು ಕರೆದು ಹೇಳುತ್ತೇನೆ. ಆ ಮೂರು ವಾಕ್ಯವನ್ನು ಬೋರ್ಡಿನ ಮೇಲೆ ಅವನ ಕೈಯಲ್ಲೇ ಬರೆಸುತ್ತೇನೆ.

ಐರೋಲಿ ಲ್ಯಾಬ್
ಬುಧವಾರ, ರಾತ್ರಿ 9:05

ನಾನು ರಸಾಯನಶಾಸ್ತ್ರದವನು. ನಮ್ಮಲ್ಲಿ ಇಷ್ಟು ಚರ್ಚೆ ಬೇಕಾಗುವುದಿಲ್ಲ. ಈ ಪದಾರ್ಥದ ಬಗ್ಗೆ ಇಷ್ಟು ಗೊತ್ತು, ಇದು ಗೊತ್ತಿಲ್ಲ, ನಾವು ಇದನ್ನು ಮಾಡಿದೆವು. ಮುಗೀತು. ಆದ್ದರಿಂದ ಒಂದು ಎಚ್ಚರಿಕೆ ಹೇಳುತ್ತೇನೆ. ಈಗ ಎಲ್ಲರೂ "ಓದುಗರನ್ನು ಸೆಳೆಯಬೇಕು, ಕಥೆಯಿಂದ ಶುರು ಮಾಡಿ" ಅಂತ ಹೇಳಿಕೊಡುತ್ತಾರೆ. ದಯವಿಟ್ಟು ಅದಕ್ಕೆ ಬಲಿಯಾಗಬೇಡಿ. ಪ್ರಬಂಧ ಓದುವ ಪರೀಕ್ಷಕರಿಗೆ ಓದುವುದು ಕೆಲಸ. ಅವರನ್ನು ಸೆಳೆಯುವ ಅಗತ್ಯವಿಲ್ಲ. ಅವರ ಸಮಯ ಉಳಿಸಿ, ಸಾಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಹಾಗೆ ಆಗಬಾರದು.

ಡೊಂಬಿವಲಿ ಲೋಕಲ್
ಬುಧವಾರ, ರಾತ್ರಿ 11:50

ಕೊತ್ರೂಡಿನ ಅಣ್ಣ ಕೇಳಿದ ಒಂದು ಸಾಲಿಗೆ ಇಡೀ ಸಂಜೆ ಹಿಡಿಯಿತು. ಊಟ ಮಾಡುವಾಗ ಅಪ್ಪನ ಹತ್ತಿರ ಮಾತಾಡಿದೆ. ಅವರು ಟ್ರಂಕಿನಿಂದ ಒಂದು ನೋಟ್‌ಬುಕ್ ತೆಗೆದುಕೊಟ್ಟರು. ಅದನ್ನು ಹಿಂದೆಯೂ ನೋಡಿದ್ದೆ, ಆದರೆ ಇವತ್ತು ನೋಡಿದ ಹಾಗೆ ನೋಡಿರಲಿಲ್ಲ.

ಕಂದು ರಟ್ಟು, ಮೂಲೆಯಲ್ಲಿ ಎಣ್ಣೆಯ ಕಲೆ. ಮುಂದಿನ ಪುಟಗಳಲ್ಲಿ ರಾತ್ರಿ ಶಾಲೆಯ ಉಕ್ತಲೇಖನ. ಗುಂಡಗಿನ ಅಕ್ಷರ, ತಪ್ಪಿಗೆ ಮೇಷ್ಟ್ರ ಕೆಂಪು ಶಾಯಿ. ಹಿಂದಿನಿಂದ ತಿರುಗಿಸಿದರೆ ಕ್ಯಾಂಟೀನಿನ ಲೆಕ್ಕ. ಯಾವ ಮಾಳಿಗೆಯ ಯಾವ ಆಫೀಸಿಗೆ ಎಷ್ಟು ಚಹಾ ಹೋಯಿತು ಅಂತ ಬರೆದಿಟ್ಟಿದ್ದಾರೆ. "ತಿಸ್ರಾ ಮಾಳಾ, ದೋನ್ ಚಾ, ಏಕ್ ಮಸ್ಕಾ ಪಾವ್." ಮೂರನೇ ಮಾಳಿಗೆ, ಎರಡು ಚಹಾ, ಒಂದು ಬೆಣ್ಣೆ ಪಾವ್ ಅಂತ. ಮಾತು ಮರಾಠಿ. ಅಕ್ಷರ ಕನ್ನಡ.

"ಯಾಕೆ ಹೀಗೆ ಬರೆದಿರಿ?" ಅಂತ ಕೇಳಿದೆ. "ನನಗೆ ಬರುತ್ತಿದ್ದ ಅಕ್ಷರ ಅದೊಂದೇ ಅಲ್ವಾ" ಅಂದರು. ಅವರಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ.

ನಾನು ಮಾತಾಡಿಸಿದವರಲ್ಲಿ ಬೇರೆಯವರೂ ಇದನ್ನೇ ಹೇಳಿದ್ದು ಆಮೇಲೆ ನೆನಪಾಯಿತು. ನಾನು ಅದನ್ನು ಮೂರನೇ ಅಧ್ಯಾಯದಲ್ಲಿ ಎಲ್ಲೋ ಒಂದು ಸಾಲು ಬರೆದು ಬಿಟ್ಟಿದ್ದೇನೆ. ಹಾಗಾಗಿ ನನ್ನ "ಆದರೆ" ಇದು ಅನ್ನಿಸುತ್ತದೆ: ಮುಂಬೈಯಲ್ಲಿ ಕೆಲಸ ಸಿಗಲು ಬೇಕಾದದ್ದು ಮರಾಠಿ, ಹಿಂದಿ, ಇಂಗ್ಲಿಷು. ಆದರೆ ಈ ಹುಡುಗರು ದಿನವಿಡೀ ದುಡಿದು ರಾತ್ರಿ ಹೋಗಿ ಕಲಿತದ್ದು ಕನ್ನಡ. ಈ ಊರಿನಲ್ಲಿ ಕನ್ನಡ ಅವರ ಯಾವ ಕೆಲಸಕ್ಕೆ ಬಂತು?

ಈಗ ಐರೋಲಿಯವರು ಹೇಳಿದ್ದು ಓದಿ ಹೆದರಿಕೆ ಆಗುತ್ತಿದೆ. ನೋಟ್‌ಬುಕ್ಕಿನಿಂದ ಶುರು ಮಾಡಿದರೆ ಅದು ಕಥೆ ಆಗುತ್ತದಾ?

ಕೊತ್ರೂಡ್ ಕಟ್ಟೆ
ಗುರುವಾರ, ಬೆಳಿಗ್ಗೆ 7:20

ಅಕ್ಕಾವ್ರೇ, ಇದು ಪ್ರಶ್ನೆ! ಈ ಪ್ರಶ್ನೆ ಓದಿದ ಮೇಲೆ ಉತ್ತರ ತಿಳಿಯದೆ ಪುಟ ಮುಚ್ಚಲು ನನಗಂತೂ ಆಗಲ್ಲ.

ಕಥೆಯ ವಿಷಯಕ್ಕೆ ನಾನು ಮಾಡುವ ಪರೀಕ್ಷೆ ಒಂದೇ. ಆ ಘಟನೆಯನ್ನು ತೆಗೆದು ನೋಡಿ. ಪ್ರಶ್ನೆ ಹಾಗೇ ನಿಂತರೆ ಅದು ಜುಟ್ಟಿನ ಮಲ್ಲಿಗೆ, ಬೇಡ. ಪ್ರಶ್ನೆಯೂ ಬಿದ್ದುಹೋದರೆ ಅದು ಸಾಕ್ಷಿ, ಇರಲಿ. ನಿಮ್ಮ ನೋಟ್‌ಬುಕ್ ಸಾಕ್ಷಿ. ಐರೋಲಿಯವರ ಲ್ಯಾಬಿನಲ್ಲಿ ಪರೀಕ್ಷಾನಳಿಕೆಯಲ್ಲಿ ಕಂಡದ್ದು ಹೇಗೋ, ನಿಮಗೆ ಇದು ಹಾಗೆ. ಆದರೆ ಅದಕ್ಕೆ ಎರಡು ವಾಕ್ಯಕ್ಕಿಂತ ಜಾಸ್ತಿ ಕೊಡಬೇಡಿ. ಅಪ್ಪನ ಕಷ್ಟ, ಅಳು, ಹಸಿವು, ಅದೆಲ್ಲ ಪೀಠಿಕೆಗೆ ತರಬೇಡಿ. ಅದಕ್ಕೆ ಬೇರೆ ಜಾಗವಿದೆ.

ಮಾಟುಂಗಾ ಮೇಷ್ಟ್ರು
ಗುರುವಾರ, ಬೆಳಿಗ್ಗೆ 7:55

ಹೌದು, ಬೇರೆ ಜಾಗವಿದೆ. "ಅರಿಕೆ" ಅಂತ ಬರೆಯುತ್ತೀರಲ್ಲ, ಅಲ್ಲಿ ಅಪ್ಪನನ್ನು ಮನಸ್ಸು ತುಂಬಿ ನೆನೆಯಿರಿ. ನಮ್ಮವರು ಇವನ್ನೆಲ್ಲ ಕಲಸುಮೇಲೋಗರ ಮಾಡುತ್ತಾರೆ. ಮುನ್ನುಡಿ ಬೇರೆಯವರು ಬರೆಯುವುದು. ಅರಿಕೆ ನೀವು ನಿಮ್ಮ ಬಗ್ಗೆ, ನಿಮಗೆ ಸಹಾಯ ಮಾಡಿದವರ ಬಗ್ಗೆ ಬರೆಯುವುದು. ಸಾರಾಂಶದಲ್ಲಿ ಕೊನೆಯ ಉತ್ತರವೂ ಬರಬೇಕು. ಪೀಠಿಕೆ ಪ್ರಶ್ನೆಯ ಜಾಗ. ನಿಮ್ಮ ಉತ್ತರ ಯಾವ ದಿಕ್ಕಿಗಿದೆ ಅನ್ನುವುದೂ ಅಲ್ಲಿ ಕಾಣಬೇಕು. ಅದನ್ನು ಬಚ್ಚಿಟ್ಟು ಕೊನೆಗೆ ತೋರಿಸಲು ಇದು ಪತ್ತೇದಾರಿ ಕಾದಂಬರಿ ಅಲ್ಲ.

ಕಲ್ಯಾಣ್ ಪೂರ್ವ
ಗುರುವಾರ, ಮಧ್ಯಾಹ್ನ 1:10

ನಡುವೆ ನನ್ನದೊಂದು ಅನುಮಾನ. ಪೀಠಿಕೆ ಎಷ್ಟು ಉದ್ದ ಇರಬೇಕು? ಇನ್ನೊಂದು. ನನ್ನ ಗೆಳೆಯ ಮೊಬೈಲಿನ ಎಐ ಆ್ಯಪ್‌ಗೆ ವಿಷಯ ಕೊಟ್ಟು ಪೀಠಿಕೆ ಬರೆಸಿದ್ದಾನೆ. ಎರಡು ನಿಮಿಷದಲ್ಲಿ ಬಂತು. ಅದು ನಡೆಯುತ್ತದಾ?

ಕೊತ್ರೂಡ್ ಕಟ್ಟೆ
ಗುರುವಾರ, ಸಂಜೆ 6:30

ಉದ್ದಕ್ಕೆ ಕಟ್ಟುನಿಟ್ಟು ನಿಯಮ ಇಲ್ಲ ತಮ್ಮಾ. ಹತ್ತರಲ್ಲಿ ಒಂದು ಭಾಗ ಅಂತ ರೂಢಿ. ಎರಡು ಸಾವಿರ ಪದದ ಲೇಖನಕ್ಕೆ ಇನ್ನೂರು ಪದ. ಅರವತ್ತು ಪುಟಕ್ಕೆ ಐದಾರು ಪುಟ. ಆ ಐದಾರು ಪುಟದಲ್ಲೂ ಮೊದಲ ಪುಟ ಮುಗಿಯುವಷ್ಟರಲ್ಲಿ ಪ್ರಶ್ನೆ ಬಂದಿರಬೇಕು. ಉಳಿದ ಪುಟಗಳಲ್ಲಿ ಹಿಂದಿನವರು ಏನು ಬರೆದಿದ್ದಾರೆ, ನೀನು ಯಾರನ್ನು ಕೇಳಿದೆ, ಹೇಗೆ ಕೇಳಿದೆ, ಯಾವುದನ್ನು ಬಿಟ್ಟೆ, ಯಾಕೆ ಬಿಟ್ಟೆ ಅಂತ ಬರಲಿ. "ಮೊದಲನೇ ಅಧ್ಯಾಯ ಪೀಠಿಕೆ, ಎರಡನೇ ಅಧ್ಯಾಯದಲ್ಲಿ ಇದನ್ನು ಚರ್ಚಿಸಲಾಗಿದೆ" ಅಂತ ಪರಿವಿಡಿಯನ್ನೇ ಮತ್ತೆ ಬರೆಯುವುದು ಬೇಡ.

ಗೆಳೆಯನ ವಿಷಯಕ್ಕೆ ಬರುತ್ತೇನೆ. ಆ ಎರಡು ನಿಮಿಷದ ಪೀಠಿಕೆಯನ್ನು ಇಲ್ಲಿಯ ಮೊದಲ ಪ್ಯಾರಾದ ಪಕ್ಕ ಇಟ್ಟು ಓದು. ಅದೇ "ಮಹತ್ವದ ಸ್ಥಾನ", ಅದೇ "ಅಪಾರ ಕೊಡುಗೆ" ಇರುತ್ತದೆ ಅಂತ ನನ್ನ ಅಂದಾಜು. ಅವನ ಟ್ರಂಕಿನಲ್ಲಿ ಏನಿದೆ ಅಂತ ಯಂತ್ರಕ್ಕೆ ಗೊತ್ತಿಲ್ಲವಲ್ಲ. ಬೇರೆಯವರ ಪ್ರಬಂಧದಿಂದ ಎತ್ತಿ ಬರೆಯುವುದಂತೂ ಬೇಡವೇ ಬೇಡ. ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡವಿಲ್ಲ. ಅದಕ್ಕಿಂತ ಜಾಸ್ತಿಯಾಗಿ 40ರವರೆಗೆ ಇದ್ದರೆ ತಿದ್ದಿ ಮತ್ತೆ ಕೊಡಬೇಕು. 60 ದಾಟಿದರೆ ನೋಂದಣಿಯೇ ರದ್ದಾಗುತ್ತದೆ. ಎಲ್ಲರೂ ಒಂದೇ ಥರ ಬರೆಯುವ ಜಾಗ ಪೀಠಿಕೆಯೇ ಆದ್ದರಿಂದ ಅಲ್ಲೇ ಹುಷಾರಾಗಿರಬೇಕು.

ಡೊಂಬಿವಲಿ ಲೋಕಲ್
ಶನಿವಾರ, ಸಂಜೆ 4:25

ಎರಡು ದಿನ ಕೂತು ಬರೆದೆ. ಮೊದಲು ಒಂದು ಕೆಲಸ ಮಾಡಿದೆ. ಮೂರೂ ಅಧ್ಯಾಯಗಳ ಕೊನೆಯ ಪ್ಯಾರಾ ಮಾತ್ರ ಒಂದು ಹಾಳೆಯಲ್ಲಿ ಬರೆದುಕೊಂಡೆ. ನಾನು ನಿಜವಾಗಿ ಏನು ಹೇಳಿದ್ದೇನೆ ಅನ್ನುವುದು ಆಗ ಗೊತ್ತಾಯಿತು. ಪೀಠಿಕೆಯಲ್ಲಿ ಬರೆದದ್ದೇ ಬೇರೆ, ಪ್ರಬಂಧದಲ್ಲಿ ಇದ್ದದ್ದೇ ಬೇರೆ. ಹೊಸ ಆರಂಭ ಇದು. ದಯವಿಟ್ಟು ಓದಿ.

"'ತಿಸ್ರಾ ಮಾಳಾ, ದೋನ್ ಚಾ, ಏಕ್ ಮಸ್ಕಾ ಪಾವ್.' ಫೋರ್ಟ್‌ನ ಒಂದು ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದ ಹುಡುಗನೊಬ್ಬ 1965ರಲ್ಲಿ ಈ ಮರಾಠಿ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡ. ಅದೇ ನೋಟ್‌ಬುಕ್ಕಿನ ಮುಂದಿನ ಪುಟಗಳಲ್ಲಿ ಅವನ ರಾತ್ರಿ ಶಾಲೆಯ ಉಕ್ತಲೇಖನವಿದೆ. ಮುಂಬೈಯ ಕನ್ನಡ ರಾತ್ರಿ ಶಾಲೆಗಳನ್ನು ಯಾರು ಕಟ್ಟಿದರು, ಹೇಗೆ ನಡೆಸಿದರು ಎಂದು ಸಂಘಗಳ ಸ್ಮರಣ ಸಂಚಿಕೆಗಳು ಹೇಳುತ್ತವೆ. ಆದರೆ ಅಲ್ಲಿ ಕಲಿತ ಕನ್ನಡ, ಮರಾಠಿ ಮತ್ತು ಹಿಂದಿಯಲ್ಲಿ ಕೆಲಸ ನಡೆಯುವ ಈ ನಗರದಲ್ಲಿ ಆ ಹುಡುಗರ ಯಾವ ಉಪಯೋಗಕ್ಕೆ ಬಂತು ಎಂಬ ಪ್ರಶ್ನೆಯನ್ನು ಅವು ಕೇಳುವುದಿಲ್ಲ. ಈ ಶಾಲೆಗಳಲ್ಲಿ ಓದಿದ ಹನ್ನೊಂದು ಮಂದಿಯ ನೆನಪುಗಳನ್ನು ಆಧರಿಸಿ ಈ ಪ್ರಬಂಧ ಆ ಪ್ರಶ್ನೆಯನ್ನು ಕೇಳುತ್ತದೆ. ಕನ್ನಡ ಅವರಿಗೆ ಊರಿನ ನಂಟನ್ನು ಮಾತ್ರ ಉಳಿಸಿಕೊಡಲಿಲ್ಲ. ಬೇರೆ ಭಾಷೆಗಳನ್ನು ಹಿಡಿದಿಟ್ಟುಕೊಳ್ಳಲು ಬೇಕಾದ ಅಕ್ಷರವನ್ನೂ ಕೊಟ್ಟಿತು ಎಂಬುದು ಇಲ್ಲಿಯ ವಾದ. ಇವರಲ್ಲಿ ಅನೇಕರು ತಮ್ಮ ಮೊದಲ ಮರಾಠಿಯನ್ನು ಬರೆದದ್ದು ಕನ್ನಡದಲ್ಲೇ."

ವಾಸ್ಕೋ ಕನ್ನಡ
ಶನಿವಾರ, ಸಂಜೆ 5:02

ಓದುತ್ತಾ ಕಣ್ಣು ತುಂಬಿತು. ನಮ್ಮ ಮಕ್ಕಳೂ ಕೊಂಕಣಿ ಪದಗಳನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ ಅಕ್ಕಾ. ನಾನು ಅದನ್ನು ತಪ್ಪು ಅಂತ ಅಳಿಸುತ್ತಿದ್ದೆ.

ಐರೋಲಿ ಲ್ಯಾಬ್
ಶನಿವಾರ, ಸಂಜೆ 6:15

ನನ್ನ ತಕರಾರು ವಾಪಸ್ ತೆಗೆದುಕೊಂಡೆ. ಇದು ಕಥೆ ಅಲ್ಲ, ದಾಖಲೆ. ಆದರೆ 1965 ಅಂತ ಹೇಗೆ ಗೊತ್ತು? ಪುಟದ ಮೇಲೆ ತಾರೀಖು ಇದೆಯಾ, ಅಪ್ಪ ನೆನಪಿನಿಂದ ಹೇಳಿದ್ದಾ? ಅದನ್ನು ಅಡಿಟಿಪ್ಪಣಿಯಲ್ಲಿ ಹೇಳಿಬಿಡಿ.

ಮಾಟುಂಗಾ ಮೇಷ್ಟ್ರು
ಶನಿವಾರ, ರಾತ್ರಿ 8:40

ತಂಗೀ, ಈಗ ನೀವು ಎಲ್ಲಿದ್ದೀರಿ ಅಂತ ಯಾರೂ ಕೇಳುವುದಿಲ್ಲ. ಮೊದಲ ಪದದಿಂದಲೇ ಇದ್ದೀರಿ.

ಎರಡು ಸಣ್ಣ ಮಾತು. ಸ್ಮರಣ ಸಂಚಿಕೆಗಳು "ಕೇಳುವುದಿಲ್ಲ" ಅಂತ ಬರೆಯುವ ಮೊದಲು ಎಷ್ಟು ಸಂಚಿಕೆ ನೋಡಿದ್ದೀರಿ? ನೋಡಿದಷ್ಟರ ಮಾತು ಮಾತ್ರ ಹೇಳಿ. "ನಾನು ನೋಡಿದ ಸಂಚಿಕೆಗಳು" ಅಂತ ಬರೆದರೆ ಸಾಕು, ಮರ್ಯಾದೆ ಕಡಿಮೆಯಾಗುವುದಿಲ್ಲ. ಬಿಡುವಾದಾಗ ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರಕ್ಕೂ ಹೋಗಿ ಬನ್ನಿ. ಹಳೆಯ ಮುಂಬೈ ಸರ್ಕಾರದ ಶಿಕ್ಷಣ ಇಲಾಖೆಯ ಕಡತಗಳು ಅಲ್ಲಿವೆ. ರಾತ್ರಿ ಶಾಲೆಗಳ ಮಾತು ಸಿಕ್ಕಿದರೂ ಸಿಗಬಹುದು.

ಇನ್ನೊಂದು, ಕೊನೆಯ ವಾಕ್ಯದ "ಅನೇಕರು". ಹನ್ನೊಂದು ಜನರಲ್ಲಿ ಅನೇಕರು ಅಂದರೆ ಎಷ್ಟು? ಮೂರಾ, ಒಂಬತ್ತಾ? ನಿಮ್ಮ ಇಡೀ ವಾದ ಆ ಒಂದು ಪದದ ಮೇಲೆ ನಿಂತಿದೆ.

ಡೊಂಬಿವಲಿ ಲೋಕಲ್
ಶನಿವಾರ, ರಾತ್ರಿ 10:30

ತಾರೀಖು ಪುಟದ ಮೇಲೇ ಇದೆ, ಮೇಷ್ಟ್ರ ಕೆಂಪು ಶಾಯಿಯಲ್ಲಿ. ಅದನ್ನು ಅಡಿಟಿಪ್ಪಣಿಗೆ ಸೇರಿಸಿದೆ. ಸಂಚಿಕೆ ನಾನು ನೋಡಿದ್ದು ನಾಲ್ಕೇ. ವಾಕ್ಯ ತಿದ್ದಿದೆ.

"ಅನೇಕರು" ಎಷ್ಟು ಅಂತ ನನಗೇ ಗೊತ್ತಿಲ್ಲ ಸರ್. ಕೆಲವರನ್ನು ಈ ಪ್ರಶ್ನೆ ನೇರವಾಗಿ ಕೇಳಿಯೇ ಇಲ್ಲ. ಆ ಪದ ತೆಗೆದು ಅಲ್ಲಿ ಖಾಲಿ ಜಾಗ ಬಿಟ್ಟಿದ್ದೇನೆ. ಹನ್ನೊಂದು ರೆಕಾರ್ಡಿಂಗನ್ನೂ ಮತ್ತೆ ಕೇಳಬೇಕು. ಕೇಳದೆ ಉಳಿದವರಿಗೆ ಫೋನ್ ಮಾಡಬೇಕು. ಸೋಮವಾರ ಬೆಳಿಗ್ಗೆ ಗಾಡಿಯಲ್ಲಿ ಮೊದಲನೆಯದರಿಂದ ಶುರು ಮಾಡುತ್ತೇನೆ. ಅಂಕೆ ಸಿಕ್ಕಿದ ಮೇಲೆ ಇಲ್ಲಿ ಹಾಕುತ್ತೇನೆ.